ವಸ್ತಿ ಬಸ್ಸಿಗೆ ಮೊದಲು ಬಿಡಬೇಕಿದ್ದ ಪಿಚ್ಚರ್

1956ರಲ್ಲಿ ಕನ್ನಡ ನಾಡು ಒಂದಾಯಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. 1997ರಲ್ಲಿ ಧಾರವಾಡ ಒಡೆದು ಗದಗ ಬೇರೆ ಜಿಲ್ಲೆಯಾಯಿತು. ಇಷ್ಟೆಲ್ಲ ಆದರೂ ಸಿನೆಮಾ ಹಂಚಿಕೆದಾರರ ನಕಾಶೆಯಲ್ಲಿ ರೋಣ, ನರಗುಂದ, ಗಜೇಂದ್ರಗಡಗಳು ಹಳೆಯ ಮುಂಬೈ ಪ್ರಾಂತದಲ್ಲೇ ಉಳಿದಿದ್ದವು. ಹಿಂದಿ ಚಿತ್ರದ ಮಟ್ಟಿಗೆ ನಾವು ಬಾಂಬೆ ಸರ್ಕ್ಯೂಟಿನವರು, ಕಲಬುರಗಿ-ರಾಯಚೂರಿನವರು ನಿಜಾಮ್ ಸರ್ಕ್ಯೂಟಿನವರು, ಬೆಂಗಳೂರು ಕಡೆಯವರು ಮೈಸೂರು ಸರ್ಕ್ಯೂಟಿನವರು. ಕನ್ನಡ ಚಿತ್ರದ ಲೆಕ್ಕ ಬೇರೆ. ಅದು ಬೆಂಗಳೂರಿನ ಗಾಂಧಿನಗರದಿಂದ ಹುಬ್ಬಳ್ಳಿಗೆ ಬಂದು, ಹುಬ್ಬಳ್ಳಿಯಿಂದ ನಮಗೆ ಬರಬೇಕು. ತಾಲ್ಲೂಕು ಊರಿನ ಟಾಕೀಜಿನ ಮ್ಯಾನೇಜರ್ ಈ ಎರಡೂ ದಿಕ್ಕಿಗೆ ಮುಖ ಮಾಡಿ ಕೂತಿರುತ್ತಿದ್ದ. ನಾನು ಹಾಗೆ ಕೂತವನು.

ನನ್ನೂರು ಹೊಳೆಮಣ್ಣೂರು, ಮಲಪ್ರಭೆಯ ದಂಡೆ. ಪಿಚ್ಚರ್ ನೋಡಬೇಕೆಂದರೆ ಪ್ಯಾಟಿಗೆ ಹೋಗಬೇಕಿತ್ತು. ಮುಂದೆ ಪ್ಯಾಟಿಯ ಟಾಕೀಜಿನಲ್ಲೇ ನೌಕರಿ ಸಿಕ್ಕಿತು; ಬುಕಿಂಗ್ ಕಿಟಕಿಯಲ್ಲಿ ಟಿಕೆಟ್ ಹರಿಯುತ್ತಿದ್ದವನು ಮ್ಯಾನೇಜರ್ ಕುರ್ಚಿಗೆ ಬಂದೆ. ಹಳೆಯ ಚಿತ್ರಮಂದಿರಗಳ ಬಗ್ಗೆ ಬರುವ ಬರಹಗಳಲ್ಲಿ ಕೆಂಪು ಪರದೆ, ಸೀಟಿ, ಶೇಂಗಾ ಪೊಟ್ಟಣಗಳೇ ತುಂಬಿರುತ್ತವೆ. ಅವೆಲ್ಲ ನಿಜ. ಆದರೆ ನನಗೆ ಹೆಚ್ಚು ಕಾಡುವುದು ಟಾಕೀಜಿನ ಹೊತ್ತು. ಯಾವ ಚಿತ್ರ ಯಾವಾಗ ಹಚ್ಚಬೇಕು, ಎಷ್ಟು ದಿನ ಇಡಬೇಕು, ಎಷ್ಟು ಗಂಟೆಗೆ ಬಿಡಬೇಕು ಎಂಬುದನ್ನು ಆಯಾ ಊರಿನ ಮಳೆ, ಬೆಳೆ, ಸಂತೆ, ಬಸ್ಸುಗಳು ತೀರ್ಮಾನಿಸುತ್ತಿದ್ದವು. ಆ ಅಧಿಕಾರ ಊರಿನ ಕೈತಪ್ಪಿ ಹೋದದ್ದೇ ಟಾಕೀಜು ಮುಚ್ಚಲು ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ.

ಈ ಭಾಗಕ್ಕೆ ಸಿನೆಮಾ ಬರುವ ಹೊತ್ತಿಗೆ ಪ್ರೇಕ್ಷಕರು ತಯಾರಾಗಿಯೇ ಇದ್ದರು. ಗದಗಿನಲ್ಲಿ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಪಕ್ಕದಲ್ಲಿ ಶಿರಹಟ್ಟಿ ವೆಂಕೋಬರಾಯರ ಕಂಪನಿ, ವೀರೇಶ್ವರ ಪುಣ್ಯಾಶ್ರಮದ ಗವಾಯಿಗಳ ಸಂಗೀತ, ಆಶ್ರಮದ್ದೇ ನಾಟಕ ಕಂಪನಿ. ಬಾದಾಮಿಯ ಬನಶಂಕರಿ ಜಾತ್ರೆಗೆ ಇವತ್ತಿಗೂ ನಾಟಕ ಕಂಪನಿಗಳು ಟೆಂಟು ಹಾಕುತ್ತವೆ. ಬೆಳಗಿನವರೆಗೆ ಕೂತು ನೋಡುವ ಜನ ನಮ್ಮವರು. ರಂಗಗೀತೆಗೆ ‘ಒನ್ಸ್‌ಮೋರ್’ ಕೂಗಿ ರೂಢಿಯಾದವರು ಟಾಕೀಜಿನಲ್ಲೂ ಕೂಗುತ್ತಿದ್ದರು. ಓಡುವ ರೀಲು ತಿರುಗಿ ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು, ಆದರೂ ಮೆಚ್ಚುಗೆಯನ್ನು ಹಾಗಲ್ಲದೆ ಹೇಗೆ ಹೇಳಬೇಕು? ಚಿತ್ರರಂಗಕ್ಕೂ ಈ ಮಣ್ಣಿಗೂ ನಂಟು ಹಳೆಯದು. ವಿ. ಶಾಂತಾರಾಮ್ ಹದಿಹರೆಯದಲ್ಲಿ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು, ಸಂಜೆ ಅಲ್ಲಿನ ತಗಡಿನ ಥಿಯೇಟರ್‌ನಲ್ಲಿ ಸಣ್ಣಪುಟ್ಟ ಕೆಲಸ ಮಾಡಿದವರು. ಫಾಲ್ಕೆಯವರ ಮೂಕಿ ಚಿತ್ರಗಳನ್ನು ಅವರು ನೋಡಿದ್ದು ಅಲ್ಲಿಯೇ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಚಿತ್ರೀಕರಣವಾದದ್ದು ಮಾತ್ರ ಕೊಲ್ಹಾಪುರದಲ್ಲಿ, ಅಂದರೆ ಬೆಂಗಳೂರಿಗಿಂತ ನಮಗೇ ಹತ್ತಿರ. ಅದರ ಒಂದು ಪ್ರತಿಯೂ ಈಗ ಉಳಿದಿಲ್ಲ. ಪ್ರಿಂಟುಗಳನ್ನು ಕೈಯಾರೆ ಇಳಿಸಿಕೊಂಡು, ಕೈಯಾರೆ ಕಳಿಸಿದ ನನ್ನಂಥವರಿಗೆ ಈ ಸಂಗತಿ ಹೆಚ್ಚು ಚುಚ್ಚುತ್ತದೆ. ನಮ್ಮ ಕೈ ದಾಟಿ ಹೋದ ಎಷ್ಟು ಪೆಟ್ಟಿಗೆಗಳು ಕೊನೆಗೆ ಗುಜರಿ ಸೇರಿದವೋ!

ಪ್ರಿಂಟುಗಳು ಕಡಿಮೆ ಇದ್ದ ಕಾಲ. ಹೊಸ ಚಿತ್ರ ಮೊದಲು ಹುಬ್ಬಳ್ಳಿಯ ಸುಧಾ, ಅಪ್ಸರಾ, ರೂಪಂನಂಥ ಟಾಕೀಜುಗಳಲ್ಲಿ ಓಡಿ, ಗದಗ-ಬಾಗಲಕೋಟೆ ಮುಗಿಸಿ, ಆಮೇಲೆ ನಮ್ಮಲ್ಲಿಗೆ ಬರಬೇಕು. ಹಾಡುಗಳು ರೇಡಿಯೋದಲ್ಲಿ ಬಂದು ಬಾಯಿಪಾಠವಾಗಿರುತ್ತಿದ್ದವು; ಹುಬ್ಬಳ್ಳಿಯಲ್ಲಿ ನೋಡಿ ಬಂದವರು ಕತೆ ಹೇಳಿ ಮುಗಿಸಿರುತ್ತಿದ್ದರು. ಪ್ರಿಂಟು ನಮ್ಮ ಕೈಗೆ ಬರುವಾಗ ಅದರ ಮೈತುಂಬ ಗೀರು. ತೆರೆಯ ಮೇಲೆ ಉದ್ದುದ್ದ ಗೆರೆ ಸುರಿಯತೊಡಗಿದರೆ ‘ಮಳಿ ಹತ್ತಿತು’ ಎಂದು ಜನ ನಗುತ್ತಿದ್ದರು. ಕಿತ್ತುಹೋದಲ್ಲೆಲ್ಲ ಯಾರೋ ಆಪರೇಟರ್ ಫಿಲಂ ಸಿಮೆಂಟ್ ಹಚ್ಚಿ ಕೂಡಿಸಿದ ತೇಪೆ. ಆದರೂ ಜನ ಬರುತ್ತಿದ್ದರು, ಯಾಕೆಂದರೆ ಅದು ಬಂದದ್ದು ನಮಗೆ ಬೇಕಾದ ಹೊತ್ತಿಗೆ. ಹುಬ್ಬಳ್ಳಿಯಲ್ಲಿ ಆಷಾಢಕ್ಕೆ ಬಿಡುಗಡೆಯಾದ ಚಿತ್ರವನ್ನು ನಾವು ಹಿಂಗಾರಿ ರಾಶಿ ಮುಗಿಯುವತನಕ ತಡೆದು ಹಚ್ಚಬಹುದಿತ್ತು.

ರೋಣ-ನರಗುಂದದ್ದು ಎರಿ ಹೊಲ. ಬಿಳಿಜೋಳ, ಕಡಲೆ, ಹತ್ತಿ, ಉಳ್ಳಾಗಡ್ಡಿ. ಕೂರಿಗೆ ಹೂಡಿದ ವಾರ ಟಾಕೀಜಿನಲ್ಲಿ ನೊಣ ಹೊಡೆಯಬೇಕು. ಹತ್ತಿ ಗದಗ ಪೇಟೆಗೆ ಹೋಗಿ ರೊಕ್ಕ ಬಂದ ವಾರ ಬೆಂಚೂ ಸಾಲದು, ಬಾಲ್ಕನಿಯೂ ಸಾಲದು. ಅಮಾವಾಸ್ಯೆಗೆ ಎತ್ತು ಹೂಡುವುದಿಲ್ಲ, ಸೋಮವಾರವೂ ಬಹಳ ಮಂದಿ ಹೂಡುವುದಿಲ್ಲ. ಆ ದಿನ ಮ್ಯಾಟಿನಿ ಜೋರು. ಬೆಂಗಳೂರಿನ ಮ್ಯಾನೇಜರ್‌ಗೆ ಶುಕ್ರವಾರ, ಭಾನುವಾರ ಮುಖ್ಯವಾದರೆ ನಮಗೆ ಸಂತೆಯ ದಿನ ಮುಖ್ಯ. ನನ್ನ ಮೇಜಿನ ಗಾಜಿನ ಕೆಳಗೆ ಪಂಚಾಂಗದ ಹಾಳೆಯೊಂದು ಯಾವಾಗಲೂ ಇರುತ್ತಿತ್ತು. ಪಕ್ಕದಲ್ಲಿ ಸುತ್ತಲಿನ ಊರುಗಳ ಜಾತ್ರೆಯ ತಿಥಿಗಳು.

ಎಲ್ಲಕ್ಕಿಂತ ದೊಡ್ಡ ಹಬ್ಬ ನಾಗರ ಪಂಚಮಿ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ತವರಿಗೆ ಬರುವ ಹೊತ್ತು. ಉಂಡಿ ಕಟ್ಟುವುದು, ಜೋಕಾಲಿ ಆಡುವುದು ಮುಗಿದ ಮೇಲೆ ಅಣ್ಣತಮ್ಮಂದಿರಿಗೆ ಒಂದೇ ಬೇಡಿಕೆ: ‘ಯಣ್ಣಾ, ಪಿಚ್ಚರ್ ತೋರ್ಸು.’ ಆ ವಾರಕ್ಕೆ ಹೊಡೆದಾಟದ ಚಿತ್ರ ತರಿಸಿದ ಮ್ಯಾನೇಜರ್‌ಗೆ ಕಸುಬು ಗೊತ್ತಿಲ್ಲವೆಂದೇ ಅರ್ಥ. ಅಣ್ಣ-ತಂಗಿಯ ಕತೆ ಬೇಕು, ದೇವರ ಕತೆ ಬೇಕು, ಕಣ್ಣೀರು ಬೇಕು. 1996ರ ‘ಜನುಮದ ಜೋಡಿ’, 2002ರ ‘ತವರಿಗೆ ಬಾ ತಂಗಿ’ಯಂಥ ಚಿತ್ರಗಳು ಹೊಸದಿದ್ದಾಗ ಎಷ್ಟು ಓಡಿದವೋ, ಪಂಚಮಿಗೆ ತಿರುಗಿ ಹಚ್ಚಿದಾಗಲೂ ಅಷ್ಟೇ ಜನ. ಚಿತ್ರ ಹಳೆಯದಾದರೆ ಮಾರುಕಟ್ಟೆಯಲ್ಲಿ ಅದರ ಬೆಲೆ ಇಳಿಯುತ್ತದೆ. ನಮ್ಮಲ್ಲಿ ಹಬ್ಬ ಬಂದರೆ ಹಳೆಯ ಚಿತ್ರದ ಬೆಲೆ ಏರುತ್ತಿತ್ತು.

1995ರ ‘ಗಾನಯೋಗಿ ಪಂಚಾಕ್ಷರ ಗವಾಯಿ’ಯ ಮಾತು ಬೇರೆಯೇ. ಚಿಂದೋಡಿ ಬಂಗಾರೇಶ್ ನಿರ್ದೇಶನ, ಲೋಕೇಶ್ ಗವಾಯಿಗಳಾಗಿ, ಗಿರೀಶ ಕಾರ್ನಾಡರು ಹಾನಗಲ್ ಕುಮಾರಸ್ವಾಮಿಗಳಾಗಿ. ಹಂಸಲೇಖ ಅವರಿಗೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ಚಿಂದೋಡಿಯವರದು ನಾಟಕ ಕಂಪನಿಯ ಮನೆತನ, ಗವಾಯಿಗಳು ಗದಗಿನ ದೇವರು. ಇಂಥ ಚಿತ್ರ ಹಚ್ಚಿದಾಗ ಎಂದೂ ಟಾಕೀಜಿನ ಮೆಟ್ಟಿಲು ಹತ್ತದ ಹಿರಿಯರು ಟಿಕೆಟ್ ಕೇಳುತ್ತಾರೆ, ಬಾಗಿಲಲ್ಲಿ ಚಪ್ಪಲಿ ಬಿಡಬೇಕೇ ಎಂದು ವಿಚಾರಿಸುತ್ತಾರೆ. ಆ ಗಂಭೀರತೆಗೆ ತಕ್ಕಂತೆ ಟಾಕೀಜನ್ನು ಗುಡಿಸಿ, ನೀರು ಹೊಡೆಸಿ ಇಡುವುದು ಮ್ಯಾನೇಜರ್‌ನ ಕೆಲಸ. ಅಂಥ ದಿನಗಳಲ್ಲಿ ಈ ನೌಕರಿಯ ಬಗ್ಗೆ ನನಗೆ ಹೆಮ್ಮೆ ಎನಿಸುತ್ತಿತ್ತು.

1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಟಾಕೀಜಿನಲ್ಲಿ ಎರಡು ವರ್ಷ ಓಡಿದ್ದನ್ನು ಎಲ್ಲರೂ ಹೇಳುತ್ತಾರೆ. ಅದು ನಮ್ಮ ಕಡೆ ಯಾಕೆ ಮನಸ್ಸಿಗಿಳಿಯಿತು ಎಂಬುದನ್ನು ಹೇಳುವವರು ಕಡಿಮೆ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟೆ ಪೂರ್ಣವಾಗಿ ನರಗುಂದದ ಹೊಲಗಳಿಗೆ ಕಾಲುವೆ ಬರುತ್ತಿದ್ದ ಆಸುಪಾಸಿನ ವರ್ಷಗಳವು. ಧಾರವಾಡದಲ್ಲಿ ಹತ್ತಿ ವಿಜ್ಞಾನಿ ಕಟರಕಿಯವರು ವರಲಕ್ಷ್ಮಿ ಹತ್ತಿಯ ತಳಿ ಬಿಡುಗಡೆ ಮಾಡಿದ್ದೂ 1972ರಲ್ಲೇ. ನೀರು ಬರುತ್ತದೆ, ಹೊಸ ಬೀಜ ಬಂದಿದೆ, ಮಣ್ಣು ಬಂಗಾರವಾಗುತ್ತದೆ ಎಂಬ ಆಸೆ ಊರೂರಲ್ಲೂ ಇದ್ದಾಗ ಬಂಡೆ ಒಡೆದು ಬೇಸಾಯ ಮಾಡುವ ರಾಜೀವಪ್ಪ ತೆರೆಯ ಮೇಲೆ ಬಂದ. ಎಂಟು ವರ್ಷಗಳ ನಂತರ, 1980ರ ಜುಲೈನಲ್ಲಿ, ಅದೇ ಕಾಲುವೆಯ ಕರದ ವಿರುದ್ಧ ನರಗುಂದ-ನವಲಗುಂದದ ರೈತರು ಬಂಡೆದ್ದು ಗುಂಡಿಗೆ ಎದೆಯೊಡ್ಡಿದರು. ಈ ಎರಡನ್ನೂ ಬಲ್ಲವರು ಆ ಚಿತ್ರವನ್ನು ಬೆಂಗಳೂರಿನವರಂತೆ ನೋಡುವುದು ಸಾಧ್ಯವಿಲ್ಲ.

ಇನ್ನು ಬಸ್ಸಿನ ಮಾತು. ಹಳ್ಳಿಗೆ ರಾತ್ರಿ ಹೋಗಿ ಅಲ್ಲೇ ತಂಗಿ ಬೆಳಿಗ್ಗೆ ತಿರುಗಿ ಬರುವ ಬಸ್ಸಿಗೆ ನಮ್ಮಲ್ಲಿ ವಸ್ತಿ ಬಸ್ ಎನ್ನುತ್ತಾರೆ. ಫಸ್ಟ್ ಶೋ ಆರಕ್ಕೆ ಶುರುವಾದರೆ ಒಂಬತ್ತರೊಳಗೆ ಬಿಡಬೇಕು, ಇಲ್ಲದಿದ್ದರೆ ಹೊಳೆದಂಡೆಯ ಊರುಗಳ ಮಂದಿ ರಾತ್ರಿಯೆಲ್ಲ ಬಸ್‌ಸ್ಟ್ಯಾಂಡಿನಲ್ಲಿ. ಕರೆಂಟು ಕೈಕೊಟ್ಟ ದಿನ ಲೆಕ್ಕ ತಪ್ಪುತ್ತಿತ್ತು. ಆಗ ಕಂಡಕ್ಟರ್ ನೇರವಾಗಿ ಆಫೀಸಿಗೆ ಬರುತ್ತಿದ್ದ.

‘ಸಾಹೇಬ್ರ, ಇನ್ನ ಎಷ್ಟ್ ರೀಲ್ ಅದಾವ್ರಿ?’

‘ಕಡೀ ರೀಲ್ ಐತ್ರಿ, ಹತ್ತ್ ನಿಮಿಷ ನಿಂದ್ರಸ್ರಿ.’

ಅವನು ನಿಲ್ಲಿಸುತ್ತಿದ್ದ. ಸಾರಿಗೆಯವರ ಯಾವ ನಿಯಮದಲ್ಲೂ ಇದಕ್ಕೆ ಜಾಗವಿಲ್ಲ. ಚಿತ್ರ ಉದ್ದವಿದ್ದರೆ ನಾನು ಇಂಟರ್ವಲ್ ಗಿಡ್ಡ ಮಾಡಿಸುತ್ತಿದ್ದೆ, ಚಹಾದಂಗಡಿಯವನು ಗೊಣಗುತ್ತಿದ್ದ. ಸೆಕೆಂಡ್ ಶೋಗೆ ಬರುವವರು ಚಕ್ಕಡಿ ಹೂಡಿಕೊಂಡೋ, ಟ್ರ್ಯಾಕ್ಟರ್ ಟ್ರೇಲರ್‌ನಲ್ಲೋ ಬರುವವರು, ಅವರಿಗೆ ಅವಸರವಿಲ್ಲ. ಅವರ ಎತ್ತುಗಳಿಗೆ ಟಾಕೀಜಿನ ಹಿಂದಿನ ಬಯಲಿನಲ್ಲಿ ಕಟ್ಟಲು ಜಾಗ.

ಪ್ರೊಜೆಕ್ಟರ್ ಕೋಣೆಯ ಕೆಲಸವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅದನ್ನು ಕಣ್ಣಾರೆ ಕಂಡವರು ಕಡಿಮೆಯಾಗುತ್ತಿದ್ದಾರೆ. ಮೂವತ್ತೈದು ಎಂಎಂ ಫಿಲಂ ಸೆಕೆಂಡಿಗೆ 24 ಚೌಕಟ್ಟುಗಳಂತೆ, ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡೂವರೆ ತಾಸಿನ ಚಿತ್ರವೆಂದರೆ 13,500 ಅಡಿ, ನಾಲ್ಕು ಕಿಲೋಮೀಟರಿಗೂ ಉದ್ದ. ಸಾವಿರ ಅಡಿಯ ಸುರುಳಿಗಳಾಗಿ ತಗಡಿನ ಡಬ್ಬಿಗಳಲ್ಲಿ ಬರುತ್ತಿದ್ದ ಅದನ್ನು ಎರಡೆರಡು ಕೂಡಿಸಿ ಎರಡು ಪ್ರೊಜೆಕ್ಟರ್‌ಗಳಲ್ಲಿ ಸರದಿಯಂತೆ ಓಡಿಸಬೇಕು. ಒಂದು ಸುತ್ತು ಮುಗಿಯುವ ಮುನ್ನ ತೆರೆಯ ಬಲಗಡೆ ಮೇಲಿನ ಮೂಲೆಯಲ್ಲಿ ಸಣ್ಣ ಚುಕ್ಕೆಯೊಂದು ಮಿಂಚುತ್ತದೆ. ಅದು ಕಂಡ ಕೂಡಲೇ ಆಪರೇಟರ್ ಎರಡನೆಯ ಮಷೀನಿನ ಮೋಟರ್ ಬಿಡುತ್ತಾನೆ. ಏಳೆಂಟು ಸೆಕೆಂಡಿಗೆ ಇನ್ನೊಂದು ಚುಕ್ಕೆ. ಆ ಕ್ಷಣದಲ್ಲೇ ಒಂದರ ಬೆಳಕು ಮುಚ್ಚಿ ಇನ್ನೊಂದರ ಬೆಳಕು ತೆರೆಯಬೇಕು, ದನಿಯೂ ಅದರೊಂದಿಗೆ ಬದಲಾಗಬೇಕು. ನೋಡುವವರಿಗೆ ಏನೂ ಗೊತ್ತಾಗಬಾರದು. ಸವೆದ ಪ್ರಿಂಟಿನಲ್ಲಿ ಚುಕ್ಕೆಗಳೇ ಹರಿದು ಹೋಗಿರುತ್ತಿದ್ದವು. ಹಿಂದಿನ ಊರಿನ ಆಪರೇಟರ್ ಮುಂದಿನವನಿಗೆ ಗೊತ್ತಾಗಲೆಂದು ಫಿಲಂ ಮೇಲೆ ಮೊಳೆಯಿಂದ ಗೀರಿದ ಗುಣಾಕಾರದ ಗುರುತು ಇರುತ್ತಿತ್ತು. ಒಬ್ಬರ ಮುಖ ಒಬ್ಬರು ನೋಡಿರದ ಆಪರೇಟರ್‌ಗಳು ಹೀಗೆ ಊರಿಂದೂರಿಗೆ ಮಾತಾಡಿಕೊಳ್ಳುತ್ತಿದ್ದರು.

ಬೆಳಕು ಬರುತ್ತಿದ್ದದ್ದು ಕಾರ್ಬನ್ ಕಡ್ಡಿಗಳಿಂದ. ಎದುರುಬದುರು ಹಿಡಿದ ಎರಡು ಕಡ್ಡಿಗಳ ನಡುವೆ ವಿದ್ಯುತ್ತಿನ ಬಿಳಿ ಉರಿ. ಉರಿದಂತೆ ಕಡ್ಡಿ ಸವೆಯುತ್ತದೆ, ನಡುವಿನ ಸಂದು ಹೆಚ್ಚಾದರೆ ಚಿತ್ರ ಮಂಕಾಗುತ್ತದೆ. ಆಪರೇಟರ್ ಬಣ್ಣದ ಗಾಜಿನ ಕಿಂಡಿಯಿಂದ ಉರಿಯನ್ನು ನೋಡುತ್ತ, ತಿರುಪು ತಿರುಗಿಸಿ ಸಂದು ಸರಿಮಾಡುತ್ತ ಇಡೀ ಚಿತ್ರ ಮುಗಿಸಬೇಕು. ಅವನು ನೋಡಿದ್ದು ಉರಿಯನ್ನು, ಚಿತ್ರವನ್ನಲ್ಲ. ಕಡ್ಡಿಯ ಮೇಲಿನ ತಾಮ್ರದ ಲೇಪ ಕರಗಿ ಹನಿಹನಿಯಾಗಿ ಲ್ಯಾಂಪ್‌ಹೌಸಿನ ತಳಕ್ಕೆ ಬೀಳುತ್ತಿತ್ತು. ಅದನ್ನು ಕೂಡಿಟ್ಟು ಮಾರಿದ ರೊಕ್ಕ ಆಪರೇಟರ್‌ನ ಹಕ್ಕು, ಮಾಲೀಕರು ಕೇಳುತ್ತಿರಲಿಲ್ಲ. ಆಮೇಲೆ ಝೆನಾನ್ ದೀಪ ಬಂದು ಆ ಕಾವಲು ತಪ್ಪಿತು.

ಮ್ಯಾನೇಜರ್‌ನ ಕೆಲಸ ಕಾಗದದ್ದು. ವಾಣಿಜ್ಯ ತೆರಿಗೆ ಇಲಾಖೆಯ ಮುದ್ರೆ ಬಿದ್ದ ಟಿಕೆಟ್ ಪುಸ್ತಕಗಳು, ಪ್ರತಿ ಆಟಕ್ಕೂ ಪ್ರತಿ ಕ್ಲಾಸಿಗೂ ಮೊದಲ ನಂಬರು, ಕೊನೆಯ ನಂಬರು, ತೆರಿಗೆ, ಉಳಿದದ್ದು, ಅದರಲ್ಲಿ ಹಂಚಿಕೆದಾರನ ಶೇರು. ಇದೆಲ್ಲ ಸೇರಿ ಡಿಸಿಆರ್, ದಿನದ ಕಲೆಕ್ಷನ್ ವರದಿ. ಹಂಚಿಕೆದಾರನ ಕಡೆಯ ರೆಪ್ ಪಕ್ಕದಲ್ಲೇ ಕೂತು ತಲೆ ಎಣಿಸುತ್ತಿದ್ದ. ಬೆಂಗಳೂರಿನ ದೊಡ್ಡ ಥಿಯೇಟರ್‌ಗಳು ವಾರದ ಬಾಡಿಗೆ ಎಣಿಸಿಕೊಂಡರೆ, ನಮ್ಮದು ಬಹುಪಾಲು ಶೇರಿನ ವ್ಯವಹಾರ. ಮಳೆ ಬಂದು ಜನ ಬರದಿದ್ದರೆ ಇಬ್ಬರಿಗೂ ನಷ್ಟ. ಕನ್ನಡ ಚಿತ್ರಗಳಿಗೆ ಮನರಂಜನಾ ತೆರಿಗೆಯ ವಿನಾಯಿತಿ ಇತ್ತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದು ಆ ಪದ್ಧತಿಯೇ ಹೋಯಿತು. ಚಿತ್ರಕ್ಕೆ ಮೊದಲು ಫಿಲ್ಮ್ಸ್ ಡಿವಿಷನ್ನಿನ ಸಮಾಚಾರ ಚಿತ್ರ ಹಾಕುವುದು ಆಗ ಕಡ್ಡಾಯವಾಗಿತ್ತು, ಅದಕ್ಕೆ ಟಾಕೀಜೇ ಹಣ ಕೊಡಬೇಕಿತ್ತು. ಜನ ಅದನ್ನು ಬೀಡಿ ಸೇದುವ ಹೊತ್ತೆಂದು ತಿಳಿದಿದ್ದರೂ, ಬಿಹಾರದ ಪ್ರವಾಹವನ್ನೂ ಭಾಕ್ರಾ ಅಣೆಕಟ್ಟೆಯನ್ನೂ ನಮ್ಮ ಹಳ್ಳಿಗರು ಕಂಡದ್ದು ಆ ಹತ್ತು ನಿಮಿಷಗಳಲ್ಲೇ.

ಹಳೆಯದೆಲ್ಲ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಶೌಚಾಲಯಗಳು ಹೆಣ್ಣುಮಕ್ಕಳು ಕಾಲಿಡುವಂತಿರಲಿಲ್ಲ. ಬೆಂಚಿನಲ್ಲಿ ತಿಗಣೆ, ಹೊಗೆಯಲ್ಲಿ ಮಕ್ಕಳ ಕೆಮ್ಮು. ಇವುಗಳಿಗಿಂತ ದೊಡ್ಡದು ಬಾಗಿಲಿನ ಪ್ರಶ್ನೆ. ಟಿಕೆಟಿಲ್ಲದವರು ನುಗ್ಗುತ್ತಾರೆಂದು ಪಕ್ಕದ ಬಾಗಿಲಿಗೆ ಚಿಲಕ ಹಾಕಿಸುವ ಚಾಳಿ ನಮ್ಮ ಕಸುಬಿನಲ್ಲಿ ಎಲ್ಲೆಡೆ ಇತ್ತು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಹೊಗೆ ತುಂಬಿ 59 ಜನ ಸತ್ತರು; ಹೊರಹೋಗುವ ದಾರಿಗಳು ಮುಚ್ಚಿದ್ದವು. ಆ ಸುದ್ದಿ ಓದಿದ ಮೇಲೆ ಆಟ ಶುರುವಾದಾಗಲೆಲ್ಲ ಪ್ರತಿ ಬಾಗಿಲನ್ನೂ ಕೈಯಿಂದ ತಳ್ಳಿ ನೋಡದೆ ನಾನು ಆಫೀಸಿಗೆ ಮರಳುತ್ತಿರಲಿಲ್ಲ. ಮುಚ್ಚಿಹೋದ ಟಾಕೀಜುಗಳಿಗಾಗಿ ಮರುಗುವವರು ಇದನ್ನೂ ನೆನಪಿಡಬೇಕು.

ಪೆಟ್ಟುಗಳು ಒಂದೊಂದಾಗಿ ಬಿದ್ದವು. 1987ರ ಜನವರಿಯಿಂದ ಭಾನುವಾರ ಬೆಳಿಗ್ಗೆ ದೂರದರ್ಶನದ ರಾಮಾಯಣ. ಆ ಹೊತ್ತಿಗೆ ಓಣಿಯಲ್ಲಿ ನಾಯಿಯೂ ಇಲ್ಲ. ಆಮೇಲೆ ವಿಡಿಯೊ, 1994ರಲ್ಲಿ ಉದಯ ಟಿವಿ, ಸಂತೆಯಲ್ಲಿ ಉಳ್ಳಾಗಡ್ಡಿಯ ಪಕ್ಕ ಮಾರುವ ಕಳ್ಳ ಸಿಡಿ. 2000ದ ಜುಲೈ 30ರ ರಾತ್ರಿ ರಾಜಕುಮಾರ್ ಅಪಹರಣವಾದಾಗ ಚಿತ್ರರಂಗ ಸ್ತಬ್ಧವಾಯಿತು, 108 ದಿನ ಅವರ ದಾರಿ ಕಾದೆವು. ಇವೆಲ್ಲವನ್ನೂ ಟಾಕೀಜುಗಳು ತಡೆದುಕೊಂಡವು. ತಡೆದುಕೊಳ್ಳಲಾಗದ್ದು ಸದ್ದಿಲ್ಲದೆ ಬಂದ ಡಿಜಿಟಲ್.

ಯುಎಫ್‌ಒ, ಕ್ಯೂಬ್ ಎಂಬ ಡಿಜಿಟಲ್ ವ್ಯವಸ್ಥೆಗಳು ಬಂದ ಮೇಲೆ ಪೆಟ್ಟಿಗೆ ಹೋಯಿತು, ಗೀರು ಹೋಯಿತು, ಮೊದಲ ದಿನವೇ ಬೆಂಗಳೂರಿನಷ್ಟೇ ಸ್ವಚ್ಛ ಚಿತ್ರ ರೋಣದಲ್ಲೂ ಕಾಣತೊಡಗಿತು. ಆಗ ನಾನೂ ಸಂತೋಷಪಟ್ಟೆ. ಫೂಜಿ ಕಂಪನಿ 2013ರಲ್ಲಿ ಸಿನೆಮಾ ಫಿಲಂ ತಯಾರಿಕೆ ನಿಲ್ಲಿಸಿತು; ಹಿಂದಿರುಗುವ ದಾರಿಯೂ ಮುಚ್ಚಿತು. ಈಗ ಚಿತ್ರವೊಂದು ಬೀಗ ಹಾಕಿದ ಕಡತವಾಗಿ ಬರುತ್ತದೆ. ಅದರ ಕೀ, ಯಾವ ಥಿಯೇಟರ್, ಯಾವ ದಿನ, ಯಾವ ಹೊತ್ತು ಎಂದು ಗೊತ್ತುಮಾಡಿಕೊಂಡು ದೂರದಿಂದ ಬರುತ್ತದೆ. ಕೀ ಬರದಿದ್ದರೆ ಆಟವಿಲ್ಲ, ಹೊರಗೆ ಎಷ್ಟೇ ಜನ ನಿಂತಿರಲಿ. ರಾಜ್ಯದ ಎಲ್ಲ ತೆರೆಗಳಲ್ಲೂ ಒಂದೇ ಶುಕ್ರವಾರ ಬಿಡುಗಡೆ, ಮೂರು ದಿನದಲ್ಲಿ ಗಳಿಕೆ, ಕೆಲವೇ ವಾರಕ್ಕೆ ಮೊಬೈಲಿಗೆ. ಬಿತ್ತನೆಯ ವಾರದಲ್ಲಿ ದೊಡ್ಡ ಚಿತ್ರ ಬಂದರೆ ರೋಣದ ಮ್ಯಾನೇಜರ್ ಏನು ಮಾಡಬೇಕು? ರಾಶಿಯ ತನಕ ತಡೆಯುವಂತಿಲ್ಲ. ರಾಶಿ ಮುಗಿದಾಗ ಆ ಚಿತ್ರ ಎಲ್ಲರ ಕಿಸೆಯಲ್ಲಿರುತ್ತದೆ. 2022ರಲ್ಲಿ ‘ಕಾಂತಾರ’ಕ್ಕೆ ಹಳ್ಳಿಗಳಿಂದ ವಾಹನ ಮಾಡಿಕೊಂಡು ಜನ ಬಂದರು, ತಮ್ಮದೆನಿಸುವ ಕತೆಗೆ ಅವರು ಇನ್ನೂ ಹೊರಡುತ್ತಾರೆ. ಒಂದೆರಡು ಅಂಥ ಚಿತ್ರಗಳಿಂದ ವರ್ಷವಿಡೀ ಡೋರ್‌ಕೀಪರ್‌ಗೆ ಸಂಬಳ ಕೊಡಲಾಗುವುದಿಲ್ಲ.

ಬೆಂಗಳೂರಿನಲ್ಲಿ ಕಪಾಲಿ, ರೆಕ್ಸ್, ಕಾವೇರಿ ಮುಚ್ಚಿದಾಗ ಪತ್ರಿಕೆಗಳಲ್ಲಿ ಪುಟಗಟ್ಟಲೆ ಬಂತು. ತಾಲ್ಲೂಕು ಊರಿನ ಟಾಕೀಜು ಕಲ್ಯಾಣ ಮಂಟಪವಾದರೆ, ಹತ್ತಿಯ ಗೋದಾಮಾದರೆ ಒಂದು ಸಾಲೂ ಬರುವುದಿಲ್ಲ. ಮಹಾರಾಷ್ಟ್ರದ ಜಾತ್ರೆಗಳ ಟೂರಿಂಗ್ ಟಾಕೀಸುಗಳ ಕೊನೆಯ ದಿನಗಳನ್ನು ಶರ್ಲಿ ಅಬ್ರಹಾಂ ಮತ್ತು ಅಮಿತ್ ಮಧೇಶಿಯಾ ವರ್ಷಗಟ್ಟಲೆ ಹಿಂಬಾಲಿಸಿ ‘ದ ಸಿನೆಮಾ ಟ್ರಾವೆಲರ್ಸ್’ ಸಾಕ್ಷ್ಯಚಿತ್ರ ಮಾಡಿದರು. 2016ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಅದಕ್ಕೆ ಮನ್ನಣೆ ಸಿಕ್ಕಿತು. ನಮ್ಮ ಕಡೆಯ ಟಾಕೀಜುಗಳಿಗೂ ಅಂಥ ಕೆಲಸವಾಗಬೇಕಿದೆ, ಅದೂ ತಡಮಾಡದೆ. ಮಲಪ್ರಭೆ 2009ರಲ್ಲಿ ಉಕ್ಕಿ, 2019ರಲ್ಲಿ ಮತ್ತೆ ಉಕ್ಕಿ ಹೊಳೆದಂಡೆಯ ಮನೆಗಳಿಗೆ ನುಗ್ಗಿದಾಗ ಜನ ಕಾಳುಕಡಿ, ದನಕರು ಉಳಿಸಿಕೊಂಡರು. ಮಾಡದಲ್ಲಿದ್ದ ಹಳೆಯ ಸಿನೆಮಾ ಹ್ಯಾಂಡ್‌ಬಿಲ್, ಹಾಡಿನ ಪದ್ಯಪುಸ್ತಕಗಳನ್ನು ಯಾರು ಹೊತ್ತಾರು? ಕರ್ನಾಟಕ ಚಲನಚಿತ್ರ ಅಕಾಡೆಮಿಯೋ, ಧಾರವಾಡದ ವಿಶ್ವವಿದ್ಯಾಲಯವೋ ಇಬ್ಬರು ಹುಡುಗರಿಗೆ ಒಂದು ಕ್ಯಾಮೆರಾ ಕೊಟ್ಟು ರೋಣ, ನರಗುಂದ, ಗಜೇಂದ್ರಗಡ, ನರೇಗಲ್ ಸುತ್ತಿಸಿದರೂ ಸಾಕು. ಪರೀಕ್ಷೆ ಬರೆದು ಪರವಾನಗಿ ಪಡೆದ ಆಪರೇಟರ್‌ಗಳು ಇನ್ನೂ ಇದ್ದಾರೆ, ಕಾರ್ಬನ್ ಕಡ್ಡಿಯ ಸಂದು ಎಷ್ಟಿರಬೇಕೆಂದು ಬೆರಳಲ್ಲಿ ತೋರಿಸಬಲ್ಲರು. ಡಿಸಿಆರ್ ಪುಸ್ತಕಗಳು ಮಾಲೀಕರ ಅಟ್ಟದಲ್ಲಿ ಗೆದ್ದಲಿಗೆ ಕಾದಿವೆ. ಯಾವ ವರ್ಷ ಮಳೆ ಹೋಯಿತು, ಯಾವ ವರ್ಷ ಹತ್ತಿಗೆ ಬೆಲೆ ಬಂತು, ಯಾವ ಪಂಚಮಿಗೆ ಎಷ್ಟು ಹೆಣ್ಣುಮಕ್ಕಳು ತವರಿಗೆ ಬಂದರು ಎಂಬುದೆಲ್ಲ ಆ ನಂಬರುಗಳಲ್ಲಿದೆ. ಓದಲು ಬರುವವರು ಇರುವಾಗಲೇ ಅವನ್ನು ಕೆಳಗಿಳಿಸಬೇಕು. ಕರೆದರೆ ನಾನೂ ಬಂದು ಕೂರುತ್ತೇನೆ.